ಅಮೆರಿಕದ ಅಲಾರಾಂ ಬೆಳಗಾವಿಯಲ್ಲಿ ಐದಕ್ಕೆ ಹೊಡೆಯಲ್ಲ

ಈ ಸಲವೂ ಅದೇ ಪ್ರಶ್ನೆ. "ಯಾವ ಕಂಪನಿಯ ಸಿಡಿ ಪ್ಲೇಯರ್ ತಗೊಳ್ಳಲಿ?" ಹಿಂದೆಯೂ ಇದಕ್ಕೆ ಉತ್ತರ ಬರೆದಿದ್ದೇನೆ, ಆದರೂ ಪತ್ರಗಳು ನಿಂತಿಲ್ಲ. ಕಂಪನಿ ಹೆಸರು ಆಮೇಲೆ ನೋಡಿ. ಮೊದಲು ನಿಮ್ಮ ಮನೆಯ ಡಿಸ್ಕುಗಳನ್ನು ಅದು ಓದುತ್ತದೆಯಾ, ನಮ್ಮ ಕರೆಂಟಿಗೆ ಹೊಂದುತ್ತದೆಯಾ, ನಮ್ಮ ಊರಿನ ರೇಡಿಯೋ ಹಿಡಿಯುತ್ತದೆಯಾ ನೋಡಿ. ಇಪ್ಪತ್ತೆಂಟು ವರ್ಷದಿಂದ ಬೆಳಗಾವಿಯಲ್ಲಿ ಕೂತು ರೇಡಿಯೋ, ಟೇಪು, ಸಿಡಿ ಬಿಚ್ಚಿ ಜೋಡಿಸುತ್ತಿದ್ದೇನೆ. ನನ್ನ ಮೇಜಿಗೆ ಬರುವ ಎಷ್ಟೋ ಸೆಟ್‌ಗಳಲ್ಲಿ ಏನೂ ದೋಷ ಇರುವುದಿಲ್ಲ. ಅವು ಇಲ್ಲಿಗೆ ಮಾಡಿದವಲ್ಲ, ಅಷ್ಟೇ.

ಹಿಂದವಾಡಿಯ ಓದುಗರೊಬ್ಬರು ಬರೆಯುತ್ತಾರೆ: "ನಮ್ಮ ಅಪ್ಪಾಜಿಗೆ 76 ವರ್ಷ. ಬೆಳಿಗ್ಗೆ ಐದಕ್ಕೆ ಎದ್ದು ವಚನ, ಹಿಂದುಸ್ತಾನಿ ಕೇಳುತ್ತಾರೆ. ಮೊಬೈಲ್ ಅವರ ಕೈಗೆ ಒಗ್ಗಲ್ಲ. ಇನ್ನೂರು ಸಿಡಿ ಇವೆ. ಅಲಾರಾಂ ಬದಲು ಸಿಡಿಯೇ ಹಾಡಿ ಎಬ್ಬಿಸುವ ಕ್ಲಾಕ್ ರೇಡಿಯೋ ಬೇಕಂತೆ. ತಮ್ಮ ಅಮೆರಿಕದಲ್ಲಿದ್ದಾನೆ, ದೀಪಾವಳಿಗೆ ಬರುವಾಗ ತರುತ್ತೇನೆ ಅಂದಿದ್ದಾನೆ. ಅಲ್ಲಿಯ ಮಾಲು ಒಳ್ಳೆಯದಿರುತ್ತದೆ ಅಲ್ವಾ?"

ಬೇಡ. ತಮ್ಮನಿಗೆ ಇವತ್ತೇ ಫೋನ್ ಮಾಡಿ ಬೇಡ ಅನ್ನಿ. ಮಾಲು ಒಳ್ಳೆಯದೇ, ಆದರೆ ಅದನ್ನು ಮಾಡಿದ್ದು ಅಲ್ಲಿಯ ಕರೆಂಟಿಗೆ. ಅಲ್ಲಿ 120 ವೋಲ್ಟ್, ಇಲ್ಲಿ 230. ನೇರ ಪ್ಲಗ್ಗಿಗೆ ಚುಚ್ಚಿದರೆ ಟಪ್ ಅಂತ ಸದ್ದು, ಸುಟ್ಟ ವಾಸನೆ, ಮುಗೀತು. ಇಷ್ಟು ಎಲ್ಲರಿಗೂ ಗೊತ್ತು. ಅದಕ್ಕೇ "ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿದರೆ ಆಯ್ತಲ್ಲ" ಅನ್ನುತ್ತಾರೆ. ಆಗಲ್ಲ.

ಹೋದ ಮಳೆಗಾಲದಲ್ಲಿ ಶಹಾಪುರದ ನಿವೃತ್ತ ಮಾಸ್ತರರೊಬ್ಬರು ಇಂಥದೇ ಸೆಟ್ ಟವೆಲ್‌ನಲ್ಲಿ ಸುತ್ತಿಕೊಂಡು ಬಂದರು. "ಇದರ ಗಡಿಯಾರ ದಿನಾ ಹಿಂದ ಬೀಳಾಕತ್ತೈತ್ರಿ. ಐದಕ್ಕ ಇಟ್ರ ಆರೂವರಿಗೆ ಹೊಡಿತೈತಿ" ಅಂದರು. ಜೊತೆಗೆ ತಂದಿದ್ದ ಟ್ರಾನ್ಸ್‌ಫಾರ್ಮರ್ ಇನ್ನೂ ಬೆಚ್ಚಗಿತ್ತು. ಮೊದಲು ಯಾರದೋ ಹತ್ತಿರ ತೋರಿಸಿದ್ದರಂತೆ. ಅವನು 'ಐಸಿ (ಒಳಗಿನ ಚಿಪ್) ಹೋಗಿದೆ' ಅಂತ ಹೇಳಿ ಎಂಟುನೂರು ರೂಪಾಯಿ ಇಸಿದುಕೊಂಡಿದ್ದ. ಬಿಚ್ಚಿ ನೋಡಿದೆ. ಐಸಿ ಮೊದಲಿನದೇ ಇತ್ತು, ಸುತ್ತಲಿನ ಬೆಸುಗೆಯನ್ನು ಮಾತ್ರ ಹೊಸದಾಗಿ ಕಾಣಲಿ ಅಂತ ಕಾಸಿದ್ದ. ವಯಸ್ಸಾದವರಿಗೆ ಹೀಗೆ ಮಾಡುವವರನ್ನು ಕಂಡರೆ ನನಗೆ ಸಿಟ್ಟು ತಡೆಯಲ್ಲ.

ಆ ಗಡಿಯಾರದಲ್ಲಿ ಯಾವ ದೋಷವೂ ಇರಲಿಲ್ಲ. ಇಂಥ ಎಷ್ಟೋ ಕ್ಲಾಕ್ ರೇಡಿಯೋಗಳು ಸಮಯ ಅಳೆಯಲು ಕರೆಂಟಿನ ಅಲೆಗಳನ್ನೇ ಎಣಿಸುತ್ತವೆ. ಅಮೆರಿಕದಲ್ಲಿ ಸೆಕೆಂಡಿಗೆ 60 ಅಲೆ, ನಮ್ಮಲ್ಲಿ 50. ಅದು 60 ಎಣಿಸಿದ ಮೇಲೇ ಒಂದು ಸೆಕೆಂಡ್ ಆಯಿತು ಅನ್ನುತ್ತದೆ. ಹೀಗೆ ಗಂಟೆಗೆ ಹತ್ತು ನಿಮಿಷ ಹಿಂದೆ ಬೀಳುತ್ತದೆ, ದಿನಕ್ಕೆ ನಾಲ್ಕು ಗಂಟೆ. ರಾತ್ರಿ ಒಂಬತ್ತಕ್ಕೆ ಸಮಯ ಹೊಂದಿಸಿ ಮಲಗಿದರೆ ಐದರ ಅಲಾರಾಂ 6 ಗಂಟೆ 36 ನಿಮಿಷಕ್ಕೆ ಹೊಡೆಯುತ್ತದೆ. ಟ್ರಾನ್ಸ್‌ಫಾರ್ಮರ್ ವೋಲ್ಟ್ ಇಳಿಸುತ್ತದೆ, ಅಲೆಯನ್ನು ಮುಟ್ಟುವುದಿಲ್ಲ. ಒಳಗೆ ಸಮಯ ಅಳೆಯಲು ಸ್ವಂತ ಕ್ವಾರ್ಟ್ಜ್ ಹರಳು ಇರುವ ಸೆಟ್ ಆದರೆ ಈ ತೊಂದರೆ ಇಲ್ಲ. ಆದರೆ ಇದೆಯೋ ಇಲ್ಲವೋ ಪೆಟ್ಟಿಗೆ ಮೇಲೆ ಬರೆದಿರುವುದು ಅಪರೂಪ.

ಗಡಿಯಾರ ಸರಿಯಿದ್ದರೂ ರೇಡಿಯೋ ಕೈ ಕೊಡುತ್ತದೆ. ಧಾರವಾಡ ಆಕಾಶವಾಣಿ ಸಿಗುವುದು ಮೀಡಿಯಂ ವೇವ್‌ನಲ್ಲಿ (ಸೆಟ್ ಮೇಲೆ ಎಎಂ ಅಂತ ಬರೆದಿರುವುದು) 765 ಕಿಲೋಹರ್ಟ್ಸ್‌ಗೆ. ನಮ್ಮಲ್ಲಿ ಸ್ಟೇಷನ್‌ಗಳು 9 ಕಿಲೋಹರ್ಟ್ಸ್ ಅಂತರದಲ್ಲಿವೆ, ಅಮೆರಿಕದಲ್ಲಿ 10. ಗುಂಡಿ ಒತ್ತಿ ನಂಬರ್ ತರುವ ಅಲ್ಲಿಯ ಸೆಟ್ 760ಕ್ಕೆ ನಿಲ್ಲುತ್ತದೆ, ಇಲ್ಲಾ 770ಕ್ಕೆ ಹಾರುತ್ತದೆ. ನಡುವಿನ ಧಾರವಾಡ ಸ್ಪಷ್ಟವಾಗಿ ಸಿಗುವುದೇ ಇಲ್ಲ, ಗಂಟಲು ಕಟ್ಟಿದ ಹಾಗೆ ಕೇಳುತ್ತದೆ. ಎಫ್‌ಎಂನಲ್ಲೂ ಅಲ್ಲಿಯ ಹಲವು ಸೆಟ್‌ಗಳು 101.7, 101.9 ಅಂತ ಬೆಸ ಅಂಕಿಗಳ ಮೇಲೇ ನಡೆಯುತ್ತವೆ. ವಿಜಯಪುರ ಆಕಾಶವಾಣಿ ಇರುವುದು 101.8ರಲ್ಲಿ. ವಿಜಯಪುರ ಕಡೆಯವರು ಯೋಚನೆ ಮಾಡಿ. ಚಕ್ರ ತಿರುಗಿಸಿ ಮುಳ್ಳು ಸರಿಸುವ ಹಳೆಯ ನಮೂನೆಯಾದರೆ ಈ ರಗಳೆ ಇಲ್ಲ. ಕೆಲವು ಸೆಟ್‌ಗಳ ತಳದಲ್ಲಿ 9/10 ಬದಲಿಸುವ ಪುಟ್ಟ ಸ್ವಿಚ್ ಇರುತ್ತದೆ. ಅದಿದ್ದರೆ ಸರಿ. ಪೆಟ್ಟಿಗೆಯ ಮೇಲೆ ಎಎಂ 1710ರ ತನಕ ಅಂತ ಬರೆದಿದ್ದರೆ ಅದು ಅಮೆರಿಕದ್ದು ಅಂತ ತಿಳಿಯಿರಿ.

ತಮ್ಮ ದುಬೈ, ಮಸ್ಕತ್ ಕಡೆ ಇದ್ದಿದ್ದರೆ ಧಾರಾಳವಾಗಿ ತರಿಸಿ ಅನ್ನುತ್ತಿದ್ದೆ. ಅಲ್ಲಿಯೂ 50 ಹರ್ಟ್ಸ್, ವೋಲ್ಟ್ ಕೂಡ ನಮ್ಮ ಹಾಗೆಯೇ. ಪ್ಲಗ್ ಒಂದು ಬದಲಿಸಿದರೆ ಸಾಕು.

ಹಾಗಾದರೆ ಏನು ತಗೊಳ್ಳಬೇಕು? ನಮ್ಮ ಅಂಗಡಿಗಳಲ್ಲಿ ಹೊಸ ಸಿಡಿ ಸೆಟ್ ಈಗ ಕಡಿಮೆ. ಹೊಸದು ಸಿಕ್ಕರೂ ಹಳೆಯದು ಸಿಕ್ಕರೂ ಪರೀಕ್ಷೆ ಒಂದೇ. ಮನೆಯಿಂದ ನಾಲ್ಕು ಡಿಸ್ಕ್ ತಗೊಂಡು ಹೋಗಿ. ಅಂಗಡಿಯವನ ಹೊಳೆಯುವ ಡಿಸ್ಕ್ ಹಾಕಿ ಕೇಳಬೇಡಿ, ಅದು ಎಲ್ಲದರಲ್ಲೂ ಹಾಡುತ್ತದೆ. ಅಪ್ಪಾಜಿ ಜಾಸ್ತಿ ಕೇಳುವ, ಗೀರು ಬಿದ್ದ ಒಂದು. ಎಪ್ಪತ್ತು ನಿಮಿಷಕ್ಕಿಂತ ಉದ್ದದ ಒಂದು. ಮನೆಯಲ್ಲಿ ಕಂಪ್ಯೂಟರಿನಿಂದ ಬರೆದದ್ದು ಒಂದು. ಎಂಪಿ3 ತುಂಬಿದ್ದು ಇದ್ದರೆ ಅದೂ ಒಂದು, ಯಾಕಂದರೆ ಹಳೆಯ ಸೆಟ್‌ಗಳಿಗೆ ಎಂಪಿ3 ಗೊತ್ತೇ ಇಲ್ಲ. ಉದ್ದದ ಡಿಸ್ಕಿನ ಕೊನೆಯ ಹಾಡು ಹಾಕಿಸಿ. ಸಿಡಿ ಒಳಗಿನಿಂದ ಹೊರಕ್ಕೆ ಓದುತ್ತದೆ, ಅಂಚಿಗೆ ಹೋದಂತೆ ಡಿಸ್ಕಿನ ಓಲಾಟ ಜಾಸ್ತಿ. ದಣಿದ ಲೇಸರ್ ಅಲ್ಲಿಯೇ ತಡವರಿಸುತ್ತದೆ. ಅರ್ಧ ಗಂಟೆ ಬಿಡದೆ ಹಾಡಿಸಿ. ಬಿಸಿಯಾದ ಮೇಲೆ ಹಾಡನ್ನು ಹಾರಿಸುವ ಸೆಟ್‌ಗಳು ಬಹಳ ಇವೆ. ಅಂಗಡಿಯವನು ಮುಖ ಸಿಂಡರಿಸಿದರೆ ಅಲ್ಲಿಂದ ಎದ್ದು ಬನ್ನಿ.

ಅಪ್ಪಾಜಿಯನ್ನೂ ಕರೆದುಕೊಂಡು ಹೋಗಿ. ಇದನ್ನು ಯಾರೂ ಮಾಡಲ್ಲ. ಮೇಲಿನ ಮುಚ್ಚಳ ತೆಗೆದು ಡಿಸ್ಕನ್ನು ನಡುವಿನ ಗುಬಟಿಗೆ ಒತ್ತಿ ಕೂರಿಸುವ ಸೆಟ್ ಆದರೆ ಬೆರಳಲ್ಲಿ ಬಲ ಬೇಕು, ತೆಗೆಯಲು ಇನ್ನೂ ಜಾಸ್ತಿ ಬೇಕು. ಬೆರಳು ಜಾರಿದರೆ ನೇರ ಲೆನ್ಸಿಗೆ ತಾಗುತ್ತದೆ. ಕೈ ನಡುಗುವವರಿಗೆ ತಟ್ಟೆ ಹೊರಗೆ ಬರುವ ನಮೂನೆ ವಾಸಿ. ಅದರ ರಬ್ಬರ್ ಬೆಲ್ಟ್ ಕೆಲವು ವರ್ಷಕ್ಕೆ ಸಡಿಲಾಗುತ್ತದೆ, ಆದರೆ ಬದಲಿಸುವುದು ಸುಲಭ, ಖರ್ಚೂ ಕಡಿಮೆ. ಗಡಿಯಾರ ಸೇರಿದ ಸೆಟ್‌ಗಳಲ್ಲಿ ಮುಚ್ಚಳದವೇ ಹೆಚ್ಚು. ಹಾಗಾಗಿ ಅವರ ಕೈಯಿಂದಲೇ ಹತ್ತು ಸಲ ಹಾಕಿಸಿ ತೆಗೆಸಿ ನೋಡಿ. ಕಷ್ಟ ಅನಿಸಿದರೆ ತಟ್ಟೆಯ ಸಿಡಿ ಪ್ಲೇಯರ್ ಬೇರೆ, ಐದಕ್ಕೆ ಎಬ್ಬಿಸುವ ಸಾದಾ ಗಡಿಯಾರ ಬೇರೆ ತಗೊಳ್ಳಿ. ನಾನಾದರೆ ನನ್ನ ಅಪ್ಪನಿಗೆ ಹಾಗೆಯೇ ಮಾಡುತ್ತಿದ್ದೆ.

ಕ್ಲಾಕ್ ರೇಡಿಯೋನೇ ಬೇಕು ಅಂದರೆ ಅಲಾರಾಂ ಅನ್ನು ಸಿಡಿಗೆ ಇಟ್ಟು, ಡಿಸ್ಕ್ ತೆಗೆದು, ಹೊಡೆಯುತ್ತದೆಯಾ ನೋಡಿ. ಒಳ್ಳೆಯ ಸೆಟ್ ಡಿಸ್ಕ್ ಸಿಗದಿದ್ದರೆ ಪೀಂ ಪೀಂ ಅನ್ನುತ್ತದೆ, ಕೆಟ್ಟದ್ದು ಸುಮ್ನೆ ಕೂರುತ್ತದೆ. ಆಮೇಲೆ ಪ್ಲಗ್ ಕಿತ್ತು ಎರಡು ನಿಮಿಷ ಬಿಟ್ಟು ಮತ್ತೆ ಹಾಕಿ. 12:00 ಅಂತ ಮಿಣುಕಿದರೆ ಬ್ಯಾಟರಿ ಇಲ್ಲ, ಇಲ್ಲವೇ ಸತ್ತಿದೆ. ಕೆಲವಕ್ಕೆ ಚೌಕದ 9 ವೋಲ್ಟ್ ಬ್ಯಾಟರಿ, ಕೆಲವಕ್ಕೆ ಬಿಲ್ಲೆ ಬ್ಯಾಟರಿ. ಅದು ಸಮಯ ನೆನಪಿಟ್ಟುಕೊಳ್ಳಲು ಮಾತ್ರ, ಕರೆಂಟ್ ಹೋದಾಗ ಅದರ ಮೇಲೆ ಸಿಡಿ ಹಾಡಲ್ಲ. ವರ್ಷಕ್ಕೊಮ್ಮೆ ಬದಲಿಸಿ, ಸೋರಿದರೆ ಒಳಗಿನ ತಾಮ್ರ ತಿನ್ನುತ್ತದೆ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಕೇಳಿ. ಸೆಟ್ಟನ್ನು ದೇವರ ಮನೆಯಲ್ಲಿ ಇಡಬೇಡಿ. ನನ್ನಲ್ಲಿಗೆ 'ಸಿಡಿ ಓದಲ್ಲ' ಅಂತ ಬರುವ ಸೆಟ್‌ಗಳ ಮುಚ್ಚಳ ತೆಗೆದ ಕೂಡಲೇ ಊದಿನಕಡ್ಡಿ ವಾಸನೆ ಬರುತ್ತದೆ. ಲೆನ್ಸ್ ಹೆಸರು ಕಾಳಿಗಿಂತ ತುಸು ದೊಡ್ಡದು, ಕೂದಲಿನಷ್ಟು ತೆಳುವಾದ ತಂತಿಗಳ ಮೇಲೆ ತೂಗುತ್ತಿರುತ್ತದೆ. ನೀಲಿ ಹೊಳಪಿರಬೇಕಾದ ಅದರ ಮೇಲೆ ಹೊಗೆಯ ಹಳದಿ ಪೊರೆ, ದೀಪದ ಎಣ್ಣೆಯ ಜಿಡ್ಡು. ಹತ್ತಿಯ ತುದಿಗೆ ಒಂದೇ ಹನಿ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ, ಒತ್ತದೆ ಒಂದು ಸುತ್ತು ಒರೆಸಿದರೆ ಹತ್ತಿ ಕಂದಾಗುತ್ತದೆ, ಸೆಟ್ ಹಾಡುತ್ತದೆ. ನೀವೇ ಮಾಡುವುದಾದರೆ ಪ್ಲಗ್ ಕಿತ್ತು ಮಾಡಿ. ಸೆಟ್ ಚಾಲೂ ಇರುವಾಗ ಲೆನ್ಸಿನೊಳಗೆ ಕಣ್ಣಿಟ್ಟು ನೋಡಬೇಡಿ. ಲೇಸರ್ ಬೆಳಕು ಕಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ, ಕಾಣಲ್ಲ ಅಂತ ಅದು ಸುಡದೆ ಬಿಡುವುದೂ ಇಲ್ಲ.

ವಿಜಯಪುರದಿಂದ: "ಒಬ್ಬರು ಇನ್ನೂರು ರೂಪಾಯಿಗೆ ಲೇಸರ್ ಪವರ್ ಹೆಚ್ಚಿಸಿ ಕೊಡುತ್ತಾರೆ. ಮಾಡಿಸಲೇ?"

ಮಾಡಿಸಬೇಡಿ. ಹಳೆಯ ಸೆಟ್‌ಗಳ ಲೆನ್ಸಿನ ಪಕ್ಕ ಒಂದು ಪುಟ್ಟ ಸ್ಕ್ರೂ ಇರುತ್ತದೆ. ಅಳತೆಯ ಮೀಟರೂ ಇಲ್ಲದೆ ಅದನ್ನು ತಿರುಗಿಸಿ ಲೇಸರಿಗೆ ಜಾಸ್ತಿ ಕರೆಂಟ್ ಹಾಯಿಸುತ್ತಾರೆ. ನಿಮ್ಮ ಮುಂದೆಯೇ ಸಿಡಿ ಹಾಡುತ್ತದೆ, ನೀವು ಖುಷಿಯಾಗಿ ದುಡ್ಡು ಕೊಡುತ್ತೀರಿ. ಕೆಲವೇ ತಿಂಗಳಲ್ಲಿ ಲೇಸರ್ ಪೂರ್ತಿ ಸಾಯುತ್ತದೆ. ಸುಮ್ನೆ ಒರೆಸಿದ್ದರೆ ವರ್ಷಗಟ್ಟಲೆ ಬಾಳುತ್ತಿದ್ದ ಸೆಟ್‌ಗಳನ್ನು ಇವರು ಹೀಗೆ ಕೊಂದದ್ದನ್ನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ.

ಇಳಕಲ್‌ನಿಂದ: "ಗೀರು ಬಿದ್ದ ಸಿಡಿಗೆ ಟೂತ್‌ಪೇಸ್ಟ್ ಹಚ್ಚಿ ಉಜ್ಜಿದರೆ ಸರಿ ಹೋಗುತ್ತದೆಯಂತೆ?"

ಪೇಸ್ಟ್ ಹಲ್ಲಿಗೆ. ಸಣ್ಣ ಗೀರನ್ನು ಪ್ಲೇಯರ್ ತಾನೇ ಲೆಕ್ಕ ಹಾಕಿ ಸರಿಪಡಿಸಿಕೊಳ್ಳುತ್ತದೆ, ಎರಡೂವರೆ ಮಿಲಿಮೀಟರ್ ತನಕ ಅಳಿಸಿ ಹೋದದ್ದನ್ನೂ ತುಂಬಿಕೊಳ್ಳಬಲ್ಲದು. ನೀವು ಗುಂಡಗೆ ಉಜ್ಜಿ ಎಳೆಯುವ ಗೀರು ಹಾಡಿನ ಜಾಡಿನ ಉದ್ದಕ್ಕೂ ಬೀಳುತ್ತದೆ, ಅದನ್ನು ತುಂಬಿಕೊಳ್ಳಲು ಅದಕ್ಕೆ ಆಗಲ್ಲ. ಒರೆಸುವುದಾದರೆ ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ. ಜೋಪಾನ ಮಾಡಬೇಕಾದದ್ದು ಹೆಸರು ಬರೆದಿರುವ ಮೇಲಿನ ಬದಿ. ಹಾಡು ಇರುವುದು ಅದರ ಕೆಳಗೇ, ತೆಳ್ಳನೆ ಬಣ್ಣದ ಮರೆಯಲ್ಲಿ. ಡಿಸ್ಕನ್ನು ಬಲ್ಬಿಗೆ ಹಿಡಿಯಿರಿ. ಸೂಜಿ ಚುಚ್ಚಿದಂತೆ ಬೆಳಕು ತೂರಿ ಬಂದರೆ ಅಲ್ಲಿನ ಹಾಡು ಹೋಯಿತು, ಯಾವ ಪೇಸ್ಟೂ ತರಲ್ಲ.

ಜಮಖಂಡಿಯಿಂದ: "2000 ವ್ಯಾಟ್ ಪಿಎಂಪಿಒ ಸೆಟ್ ತಗೊಳ್ಳಲೇ?"

ಪಿಎಂಪಿಒ ಅಂದರೆ ಮಾರಲಿಕ್ಕೆ ಉಬ್ಬಿಸಿ ಬರೆಯುವ ವ್ಯಾಟ್. ಹಿಂಬದಿಯ ಚೀಟಿ ಓದಿ. ಗೋಡೆಯಿಂದ 20 ವ್ಯಾಟ್ ಎಳೆಯುವ ಸೆಟ್ ಸ್ಪೀಕರಿಗೆ 2000 ಎಲ್ಲಿಂದ ತರುತ್ತದೆ? ಆರ್‌ಎಂಎಸ್ (ಬಿಡದೆ ಕೊಡುವ ನಿಜವಾದ ವ್ಯಾಟ್) ಎಷ್ಟು ಕೇಳಿ, ಹೇಳದಿದ್ದರೆ ಬಿಡಿ.

"ಸಿಡಿಯ ಅಂಚಿಗೆ ಹಸಿರು ಪೆನ್ ಬಳಿದರೆ, ಫ್ರಿಜ್‌ನಲ್ಲಿಟ್ಟರೆ ಧ್ವನಿ ಚೆನ್ನಾಗುತ್ತದೆಯಾ?" ಇಲ್ಲ.

"ಹಳೆಯ ಡಿವಿಡಿ ಪ್ಲೇಯರ್ ಇದೆ, ಸಿಡಿಗೆ ಅದೇ ಸಾಕಾ?" ಸಾಕು. ಸ್ಪೀಕರಿಗೆ ಜೋಡಿಸಿ, ಹೊಸದು ತಗೊಳ್ಳಬೇಡಿ.

ಬಾಗಲಕೋಟೆಯ ನವನಗರದಿಂದ: "2006ರಲ್ಲಿ ನಮ್ಮ ಅವ್ವ ಹಾಡಿದ ಸೋಬಾನ ಪದಗಳನ್ನು ಸಿಡಿಗೆ ಬರೆಸಿದ್ದೆವು. ಅವ್ವ ಈಗಿಲ್ಲ. ಆ ಸಿಡಿ ನಮ್ಮ ಪ್ಲೇಯರ್‌ನಲ್ಲಿ ಓದುತ್ತಿಲ್ಲ. ಎಷ್ಟು ಬೆಲೆಯ ಹೊಸ ಪ್ಲೇಯರ್ ತಗೊಂಡರೆ ಓದುತ್ತದೆ?"

ಅಕ್ಕಾ, ಪ್ಲೇಯರ್ ತಗೊಳ್ಳಬೇಡಿ. ಅಂಗಡಿಯಲ್ಲಿ ಕೊಂಡ ಸಿಡಿಯಲ್ಲಿ ಹಾಡನ್ನು ಅಚ್ಚೊತ್ತಿರುತ್ತಾರೆ. ನೀವು ಬರೆಸಿದ್ದರಲ್ಲಿ ಅದು ಒಂದು ಬಣ್ಣದ ಪದರದ ಮೇಲೆ ಸುಟ್ಟ ಗುರುತು. ಬಿಸಿಲು, ಸೆಕೆಗೆ ಆ ಬಣ್ಣ ಮಾಸುತ್ತದೆ, ಮತ್ತು ಬಾಗಲಕೋಟೆಯ ಏಪ್ರಿಲ್ ನಿಮಗೆ ಗೊತ್ತೇ ಇದೆ. ಮಾಸಿದ್ದನ್ನು ಓದಲು ಪ್ಲೇಯರಿಗಿಂತ ಕಂಪ್ಯೂಟರಿನ ಡ್ರೈವ್ ವಾಸಿ, ಅದು ನಿಧಾನಕ್ಕೆ ಒಂದೇ ಜಾಗವನ್ನು ಮತ್ತೆ ಮತ್ತೆ ಓದುತ್ತದೆ. ಒಂದು ಡ್ರೈವ್ ಓದದಿದ್ದರೆ ಇನ್ನೊಂದು ಓದಬಹುದು. ನಾನು ಆರು ಡ್ರೈವ್ ಬದಲಿಸಿ ಏಳನೆಯದರಲ್ಲಿ ತೆಗೆದದ್ದೂ ಇದೆ. ಓದಿದ ಕೂಡಲೇ ಎರಡು ಕಡೆ ನಕಲು ಮಾಡಿಸಿ, ಒಂದು ನಿಮ್ಮ ಮನೆಯಲ್ಲಿ, ಇನ್ನೊಂದು ತವರಿನಲ್ಲಿ ಇರಲಿ. ಅಲ್ಲಿಯ ತನಕ ಯಾರಿಗೂ ಉಜ್ಜಲು ಕೊಡಬೇಡಿ, ಇನ್ನೊಂದು ಸಲ ಪ್ಲೇಯರಿಗೂ ಹಾಕಬೇಡಿ. ನಿಮ್ಮೂರಲ್ಲಿ ಯಾರೂ ಸಿಗದಿದ್ದರೆ ಬೆಳಗಾವಿಗೆ ತನ್ನಿ. ಪೇಪರಿನಲ್ಲಿ ಸುತ್ತಬೇಡಿ, ಡಬ್ಬಿಯಲ್ಲಿಟ್ಟು, ಬಸ್ಸಿನಲ್ಲಿ ಬಿಸಿಲು ಬೀಳದ ಬದಿ ಕೂತು ತನ್ನಿ.