ರಾತ್ರಿ ಹತ್ತೂವರೆಯ ಬಸ್ಸು

"ಮುಂಬೈಯ ಮಹಾಲಕ್ಷ್ಮಿ ರೇಸ್‌ಕೋರ್ಸಿನ ರಾಕ್ ಶೋಗೆ ಉಡುಪಿಯಿಂದ ಆನ್‌ಲೈನಲ್ಲಿ ಸಿಕ್ಕಿದ ಹನ್ನೊಂದು ಜನ ಫ್ಯಾನ್ಸ್ ಸೇರಿ ಟೆಂಪೋ ಟ್ರಾವೆಲರ್ ಮಾಡಿ, ಮುಗಿದ ಕೂಡಲೇ ಅದೇ ರಾತ್ರಿ ಹೊರಟು ಬರುವುದಾ, ಇಲ್ಲ ನಾನೊಬ್ಬನೇ ಟ್ರೈನಲ್ಲಿ ಹೋಗುವುದಾ" ಅಂತ ಕೇಳಿದ್ದೀರಿ. "ಅದೇ ರಾತ್ರಿ" ಅಂತ ಓದಿದ್ದೇ ತಡ, ನನಗೆ 2011ರ ಬೆಂಗಳೂರಿನ ಆನಂದರಾವ್ ಸರ್ಕಲ್ ನೆನಪಾಯಿತು ಮಾರಾಯ್ರೆ.

ಅಕ್ಟೋಬರ್ 30, ಭಾನುವಾರ. ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ ಬ್ಯಾಂಡಿನ ಶೋ. ಎರಡು ದಿನ ಮೊದಲು ಗುರ್‌ಗಾಂವ್‌ನಲ್ಲಿ ಆಗಬೇಕಿದ್ದ ಶೋ ರದ್ದಾಗಿತ್ತು, ಹಾಗಾಗಿ ಅಲ್ಲಿನವರೂ ಸಿಕ್ಕಿದ ಗಾಡಿ ಹತ್ತಿ ಬೆಂಗಳೂರಿಗೆ ಬಂದಿದ್ದರು. ಮಂಗಳೂರಿನಿಂದ ನಾವು ಆರು ಜನ. ಆ ಬುಧವಾರ ದೀಪಾವಳಿ, ಮುಂದಿನ ಮಂಗಳವಾರ ರಾಜ್ಯೋತ್ಸವ. ನಡುವಿನ ಸೋಮವಾರಕ್ಕೆ ರಜೆ ಹಾಕಿದವರೆಲ್ಲ ಭಾನುವಾರ ರಾತ್ರಿ ಊರಿಗೆ ಹೊರಟಿದ್ದರು. ಅಷ್ಟು ರಶ್ಶಿನಲ್ಲೂ ಆನಂದರಾವ್ ಸರ್ಕಲ್‌ನಿಂದ ರಾತ್ರಿ 10.30ಕ್ಕೆ ಬಿಡುವ ಖಾಸಗಿ ಬಸ್ಸಿನಲ್ಲಿ ಆರು ಸೀಟು ಹೊಂದಿಸಿದವನು ನಾನೇ. ಅದಕ್ಕೆ ಬೆನ್ನು ಬೇರೆ ತಟ್ಟಿಸಿಕೊಂಡಿದ್ದೆ.

ನನ್ನ ಲೆಕ್ಕ ಇಷ್ಟೇ ಇತ್ತು: ಶೋ ಹತ್ತಕ್ಕೆ ಮುಗಿಯುತ್ತದೆ, ಮೈದಾನದಿಂದ ಬಸ್ಸಿನ ಜಾಗಕ್ಕೆ ಐದಾರು ಕಿಲೋಮೀಟರ್, ರಿಕ್ಷಾದಲ್ಲಿ ಅರ್ಧ ಗಂಟೆ ಧಾರಾಳ ಸಾಕು. ಈ ಒಂದು ವಾಕ್ಯದೊಳಗೆ ನಾಲ್ಕು ತಪ್ಪು ಉಂಟು. ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಈಗ ಅದೇ ವಾಕ್ಯ ಬರೆದಿದ್ದೀರಿ.

ಮೊದಲನೆಯದು, ಆ ಹತ್ತು ಗಂಟೆ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ಬಯಲಿನಲ್ಲಿ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ಹಾಕುವ ಹಾಗಿಲ್ಲ. ನಮ್ಮಲ್ಲಿ ಯಕ್ಷಗಾನಕ್ಕೆ ಕಾಲಮಿತಿ ಆಟ ಬಂದದ್ದಕ್ಕೂ ಇದೇ ಒಂದು ಕಾರಣ. ಬ್ಯಾಂಡಿನವರು ಆ ಹತ್ತರ ತುದಿಯವರೆಗೂ ಬಾರಿಸುತ್ತಾರೆ, ಜನ ಕಾದು ನಿಂತ ಹಾಡನ್ನು ಅಲ್ಲಿಗೇ ಇಟ್ಟುಕೊಂಡಿರುತ್ತಾರೆ. ಹತ್ತೂವರೆಯ ಬಸ್ಸು ಹಿಡಿಯಬೇಕಾದವನು ಎಂಕೋರ್, ಅಂದರೆ ಬ್ಯಾಂಡಿನವರು ಒಳಗೆ ಹೋಗಿ ಮತ್ತೆ ಬಂದು ಬಾರಿಸುವ ಕೊನೆಯ ಹಾಡುಗಳನ್ನು ಬಿಟ್ಟು ಏಳಲೇಬೇಕು, ಬೇರೆ ದಾರಿ ಇಲ್ಲ. ಇಡೀ ರಾತ್ರಿ ಆಟ ನೋಡಿ ಬೆಳಗಿನ ಮೊದಲ ಬಸ್ಸಿಗೆ ಮನೆಗೆ ಬಂದು ಅಭ್ಯಾಸವಾದ ನನಗೆ ಇದು ಹೊಳೆಯಲೇ ಇಲ್ಲ. ನಮ್ಮೂರಿನಲ್ಲಿ ಆಟ ಮುಗಿಸಿ ಚೌಕಿಯಲ್ಲಿ ವೇಷಧಾರಿಗಳು ಬಣ್ಣ ತೆಗೆಯುವಾಗ ಬಸ್ಸು ಶುರುವಾಗುತ್ತದೆ, ರಾಕ್ ಶೋ ಮುಗಿಯುವಾಗ ಬಸ್ಸೆಲ್ಲ ಹೊರಟು ಹೋಗಿರುತ್ತದೆ.

ಎರಡನೆಯದು, ಬಾಗಿಲು. ಒಳಗೆ ಬರುವಾಗ ಜನ ಮಧ್ಯಾಹ್ನದಿಂದ ಚೂರುಚೂರಾಗಿ ನಾಲ್ಕೈದು ಗಂಟೆಯಲ್ಲಿ ಬರುತ್ತಾರೆ. ಹೋಗುವಾಗ ಅಷ್ಟೂ ಜನ ಒಂದೇ ಕಾಲು ಗಂಟೆಯಲ್ಲಿ ಅದೇ ಅಗಲದ ಜಾಗಕ್ಕೆ ನುಗ್ಗುತ್ತಾರೆ. ಮೂರನೆಯದು, ಒಳಗೆ ಬಿಟ್ಟ ಗೇಟಿನಲ್ಲೇ ಹೊರಗೆ ಬಿಡುತ್ತಾರೆ ಅಂತ ಏನೂ ಇಲ್ಲ. ನಮ್ಮನ್ನು ತಿರುಗಿಸಿ ಇನ್ನೊಂದು ಬದಿಗೆ ಕಳಿಸಿದರು. ನಾಲ್ಕನೆಯದು, ಆ ಹೊತ್ತಿಗೆ ಮೇಖ್ರಿ ಸರ್ಕಲ್ ಕಡೆ ರಿಕ್ಷಾ ಸಿಗುವುದಿಲ್ಲ, ಸಿಕ್ಕಿದ್ದು ಕದಲುವುದಿಲ್ಲ. ಮೆಟ್ರೋ ಉಂಟಲ್ಲ ಅನ್ನಬೇಡಿ, ನಮ್ಮ ಮೆಟ್ರೋ ಶುರುವಾಗಿ ಆಗ ಸರಿಯಾಗಿ ಹತ್ತು ದಿನ, ಬೈಯಪ್ಪನಹಳ್ಳಿಯಿಂದ ಎಂ.ಜಿ. ರೋಡಿಗೆ ಮಾತ್ರ ಓಡುತ್ತಿತ್ತು.

ಒಂಬತ್ತು ಗಂಟೆಯಿಂದಲೇ ನಾನು ಸ್ಟೇಜ್ ನೋಡುತ್ತಿರಲಿಲ್ಲ, ಲೈಟು ಈ ಕಡೆ ತಿರುಗಿದಾಗೆಲ್ಲ ಮಣಿಕಟ್ಟು ಎತ್ತಿ ಗಡಿಯಾರ ನೋಡುತ್ತಿದ್ದೆ. 9.35ಕ್ಕೆ ಎಲ್ಲರನ್ನೂ ಎಬ್ಬಿಸಿದೆ. ಬ್ಯಾರಿಕೇಡಿನಿಂದ ಹದಿನೈದು ಸಾಲು ಹಿಂದಿದ್ದೆವು, ಎದುರು ಮುಖ ಮಾಡಿ ನಿಂತವರ ನಡುವೆ ಹಿಂದಕ್ಕೆ ತೂರಿ ಬರಲಿಕ್ಕೇ ಇಪ್ಪತ್ತು ನಿಮಿಷ ಬೇಕಾಯಿತು. ಎಂಕೋರ್ ಶುರುವಾಗುವಾಗ ನಾವು ಕಂಪೌಂಡಿನ ಹೊರಗೆ. ಅಷ್ಟು ದೂರಕ್ಕೆ ಗಿಟಾರ್ ಬರುವುದಿಲ್ಲ, ಹಾಡೂ ಬರುವುದಿಲ್ಲ. ಬೇಸ್ ಮತ್ತು ಕಿಕ್ ಡ್ರಮ್ಮಿನ ಗುದ್ದು ಮಾತ್ರ ಗೋಡೆ ದಾಟಿ ಬರುತ್ತದೆ, ಪಕ್ಕದ ಮನೆಯಲ್ಲಿ ಯಾರೋ ಮಸಾಲೆ ಕುಟ್ಟಿದ ಹಾಗೆ. ಯಾವ ಹಾಡು ಅಂತ ಗುರುತು ಹಿಡಿಯಲಿಕ್ಕೂ ಆಗಲಿಲ್ಲ. ಆನಂದರಾವ್ ಸರ್ಕಲ್ ತಲುಪಿದಾಗ 10.50. ಬಸ್ಸು ಸಮಯಕ್ಕೆ ಸರಿಯಾಗಿ ಹೋಗಿತ್ತು, ಅದರದ್ದೇನೂ ತಪ್ಪಿಲ್ಲ.

ನಮ್ಮಲ್ಲೊಬ್ಬ "ನಾನು ಬರುವುದಿಲ್ಲ, ನೀವು ಹೋಗಿ" ಅಂತ ಅಲ್ಲೇ ನಿಂತಿದ್ದ. ದೆಹಲಿ ಕಡೆಯಿಂದ ಬಂದ ಅಪರಿಚಿತ ಫ್ಯಾನ್ಸ್ ಜೊತೆ ಎಂಕೋರ್ ನೋಡಿ, ಅವರದ್ದೇ ರೂಮಿನ ನೆಲದಲ್ಲಿ ಮಲಗಿ, ಬೆಳಿಗ್ಗೆ ಆರಾಮದಲ್ಲಿ ಸೀಟು ಸಿಕ್ಕಿದ ಬಸ್ಸಿನಲ್ಲಿ ಬಂದ. ನಾವು ಐವರು ಬೇರೆ ಬಸ್ಸಿಗೆ ಕಾದು ಕಾದು, ಕೊನೆಗೆ ಸಿಕ್ಕಿದ್ದರಲ್ಲಿ ಹಾಸನದವರೆಗೆ ನಿಂತುಕೊಂಡು ಬಂದೆವು, ಮಂಗಳೂರಿಗೆ ಅವನಿಗಿಂತ ತಡವಾಗಿ ತಲುಪಿದೆವು. ಹದಿನಾಲ್ಕು ವರ್ಷ ಕಳೆದರೂ ಆ ಕತೆ ಹೇಳುವ ಅವಕಾಶ ಅವನು ಬಿಟ್ಟದ್ದಿಲ್ಲ.

ಹಾಗಾಗಿ ಟ್ರಾವೆಲರೋ ಟ್ರೈನೋ ಅನ್ನುವ ನಿಮ್ಮ ಪ್ರಶ್ನೆಯೇ ನನಗೆ ಸರಿ ಕಾಣುವುದಿಲ್ಲ. ರಾತ್ರಿ ಎಲ್ಲಿ ಮಲಗುತ್ತೀರಿ ಅಂತ ಮೊದಲು ನಿಶ್ಚಯ ಮಾಡಿ. ಟ್ರಾವೆಲರಂತೂ ಬೇಡವೇ ಬೇಡ. ಉಡುಪಿಯಿಂದ ಮುಂಬೈಗೆ ರಸ್ತೆಯಲ್ಲಿ ಎಂಟುನೂರು ಕಿಲೋಮೀಟರಿನ ಮೇಲೆ. ಹದಿನಾರು ಹದಿನೇಳು ಗಂಟೆ ಓಡಿಸಿದ ಡ್ರೈವರ್ ಪಾರ್ಕಿಂಗಿನ ಸೆಕೆಯಲ್ಲಿ ನಿದ್ದೆ ಮಾಡದೆ ಕಾದು, ಅದೇ ರಾತ್ರಿ ಕೊಂಕಣದ ಘಾಟಿ ರಸ್ತೆಯಲ್ಲಿ ನಿಮ್ಮನ್ನು ವಾಪಸ್ ತರಬೇಕಾ?

ಇಂದ್ರಾಳಿಯ ಉಡುಪಿ ಸ್ಟೇಷನ್ನಿನಿಂದ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಹಿಡಿಯಿರಿ. ಮಧ್ಯಾಹ್ನ ಸುಮಾರು ಮೂರೂವರೆ ನಾಲ್ಕರ ಹೊತ್ತಿಗೆ ಉಡುಪಿ ಬಿಟ್ಟು, ಮರುದಿನ ಬೆಳಿಗ್ಗೆ ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್ ತಲುಪುತ್ತದೆ. ವಾಪಸ್ ಬರುವುದೂ ಅದರಲ್ಲೇ, ಶೋದ ಮರುದಿನ ಮಧ್ಯಾಹ್ನ ಮೂರರ ಮೇಲೆ ಅಲ್ಲಿಂದ ಹೊರಡುತ್ತದೆ. ಮಳೆಗಾಲದಲ್ಲಿ ಕೊಂಕಣ ರೈಲ್ವೆಯ ವೇಳಾಪಟ್ಟಿ ಬದಲಾಗುತ್ತದೆ, ಆ ತಿಂಗಳುಗಳಲ್ಲಾದರೆ ಸಮಯ ಇನ್ನೊಮ್ಮೆ ನೋಡಿ. ಗುಂಪಿನಲ್ಲಿ ಬುದ್ಧಿವಂತನೊಬ್ಬ ಇದ್ದೇ ಇರುತ್ತಾನೆ: "ಮಂಗಳೂರು ಜಂಕ್ಷನ್ ಎಕ್ಸ್‌ಪ್ರೆಸ್ ಪನ್ವೇಲಿಗೆ ಬರುವುದು ಹನ್ನೊಂದರ ಮೇಲೆ, ಅಲ್ಲಿ ಹಿಡಿಯಬಹುದು" ಅನ್ನುತ್ತಾನೆ. ಶೋ ಬಿಟ್ಟ ಆ ರಶ್ಶಿನಲ್ಲಿ ಮಹಾಲಕ್ಷ್ಮಿಯಿಂದ ಪನ್ವೇಲಿಗೆ ಒಂದು ಗಂಟೆಯಲ್ಲಿ ತಲುಪುತ್ತೇವೆ ಅಂತ ನಂಬಬೇಡಿ. ಅವನು 2011ರ ನಾನು, ಅವನ ಮಾತು ಕೇಳಬೇಡಿ.

ರೈಲಿನ ಮುಂಗಡ ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ, 120 ಅಲ್ಲ. ಶೋದ ಟಿಕೆಟ್ ಸಿಕ್ಕಿದ ದಿನವೇ ಕ್ಯಾಲೆಂಡರಿನಲ್ಲಿ ರೈಲು ಹತ್ತುವ ದಿನದಿಂದ 60 ದಿನ ಹಿಂದಕ್ಕೆ ಎಣಿಸಿ ಗುರುತು ಹಾಕಿ. ತತ್ಕಾಲ್ ಹಿಂದಿನ ದಿನ ಎಸಿಗೆ ಹತ್ತಕ್ಕೆ, ಸ್ಲೀಪರಿಗೆ ಹನ್ನೊಂದಕ್ಕೆ. ಆನ್‌ಲೈನ್ ತತ್ಕಾಲಿಗೆ 2025ರ ಜುಲೈಯಿಂದ ಆಧಾರ್ ದೃಢೀಕರಣ ಬೇಕು, ಅದನ್ನು ಹತ್ತು ಗಂಟೆಗೆ ಐದು ನಿಮಿಷ ಇರುವಾಗ ಮಾಡಲಿಕ್ಕೆ ಕೂರಬೇಡಿ.

ಇನ್ನು ಆ ಹನ್ನೊಂದು ಜನ. ವಾಟ್ಸಾಪಿನಲ್ಲಿ ಹನ್ನೊಂದು ಜನ "ಬರ್ತೇನೆ" ಅಂದರೆ ಸ್ಟೇಷನ್ನಿಗೆ ಬರುವುದು ಆರು. ದುಡ್ಡು ಮೊದಲು, ಬುಕಿಂಗ್ ಆಮೇಲೆ. ಒಂದು ದಿನದೊಳಗೆ ಯುಪಿಐ ಮಾಡದವನು ಬರುವವನಲ್ಲ, ಬೇಜಾರು ಮಾಡಬೇಡಿ. ನನ್ನನ್ನು ಕೇಳಿದರೆ ನಾಲ್ಕೇ ಜನ ಹೋಗಿ. ತತ್ಕಾಲಿನಲ್ಲಿ ಒಂದು ಪಿಎನ್‌ಆರ್‌ಗೆ ನಾಲ್ಕೇ ಜನ, ಮುಂಬೈ ಟ್ಯಾಕ್ಸಿಗೆ ನಾಲ್ಕೇ ಜನ, 2025ರ ಕೋಲ್ಡ್‌ಪ್ಲೇ ಶೋಗಳಿಗೂ ಒಬ್ಬರಿಗೆ ನಾಲ್ಕೇ ಟಿಕೆಟ್ ಇದ್ದದ್ದು. ಐದನೆಯವನು ಬಂದರೆ ಎಲ್ಲವೂ ಎರಡೆರಡು. ಉಳಿದವರು ಇನ್ನೊಂದು ನಾಲ್ಕರ ಗುಂಪು ಮಾಡಿಕೊಳ್ಳಲಿ, ಒಂದೇ ರೈಲಿನಲ್ಲಿ ಬರಲಿ, ಜಗಳ ಇಲ್ಲ. ಹೋಗುವ ಮೊದಲು ಮಣಿಪಾಲದಲ್ಲೋ ಮಲ್ಪೆಯಲ್ಲೋ ಒಂದು ಸಂಜೆ ಮುಖತಃ ಸಿಕ್ಕಿ ಮಾತಾಡಿ. ವಾಪಸ್ ಟಿಕೆಟ್ ಮಾತ್ರ ಪ್ರತಿಯೊಬ್ಬನ ಫೋನಿನಲ್ಲೂ ಇರಲಿ.

ಶೋದ ಟಿಕೆಟೂ ಹಾಗೆಯೇ. ಒಬ್ಬನೇ ನಾಲ್ಕು ತೆಗೆದಿದ್ದರೆ, ಆ್ಯಪಿನಲ್ಲಿ ಟ್ರಾನ್ಸ್‌ಫರ್ ಇದ್ದಲ್ಲಿ ಮನೆಯಲ್ಲಿರುವಾಗಲೇ ಅವರವರ ಖಾತೆಗೆ ಕಳಿಸಿಬಿಡಿ. ಕೆಲವು ಕ್ಯೂಆರ್ ಕೋಡ್ ಕ್ಷಣಕ್ಷಣಕ್ಕೆ ಬದಲಾಗುತ್ತವೆ, ಸ್ಕ್ರೀನ್‌ಶಾಟ್ ನಡೆಯುವುದಿಲ್ಲ. ಗೇಟಿನ ಹತ್ತಿರ ಸಾವಿರಗಟ್ಟಲೆ ಫೋನ್ ಒಂದೇ ಟವರಿಗೆ ಜೋತು ಬಿದ್ದಿರುತ್ತವೆ, ನೆಟ್‌ವರ್ಕ್ ಇರುವುದಿಲ್ಲ. ನೆಟ್‌ವರ್ಕ್ ಹುಡುಕಿ ಹುಡುಕಿಯೇ ಬ್ಯಾಟರಿ ಖಾಲಿಯಾಗುವುದು, ಒಳಗೆ ಹೋದ ಮೇಲೆ ಫ್ಲೈಟ್ ಮೋಡಿಗೆ ಹಾಕಿ. ಪವರ್ ಬ್ಯಾಂಕನ್ನು ಹಲವು ಕಡೆ ಗೇಟಿನಲ್ಲೇ ತೆಗೆಸುತ್ತಾರೆ, ದೊಡ್ಡ ಬ್ಯಾಗನ್ನೂ ಬಿಡುವುದಿಲ್ಲ. ಸ್ಟೇಷನ್ನಿನ ಕ್ಲೋಕ್‌ರೂಮಿನಲ್ಲಿ ಇಡುವುದಾದರೆ ಬ್ಯಾಗಿಗೆ ಬೀಗ ಇರಬೇಕು, ಬೀಗ ಇಲ್ಲದಿದ್ದರೆ ತೆಗೆದುಕೊಳ್ಳುವುದಿಲ್ಲ. ಜೊತೆಯವರ ನಂಬರನ್ನು ಚೀಟಿಯಲ್ಲಿ ಬರೆದು ಕಿಸೆಯಲ್ಲಿಡಿ. ತಪ್ಪಿಸಿಕೊಂಡರೆ ಸೇರುವ ಜಾಗ ಮೈದಾನದ ಹೊರಗೆ ಇರಲಿ, ಅದೂ ಕದಲದ ಜಾಗ. "ಪೆಪ್ಸಿ ಸ್ಟಾಲ್ ಹತ್ತಿರ" ಅಂತ ಮಾತಾಡಿಕೊಂಡರೆ ಹತ್ತೂವರೆಗೆ ಸ್ಟಾಲೇ ಇರುವುದಿಲ್ಲ.

ದಾರಿ: ಕುರ್ಲಾದಿಂದ ಸೆಂಟ್ರಲ್ ಲೈನಿನಲ್ಲಿ ದಾದರ್, ಅಲ್ಲಿ ಸೇತುವೆ ದಾಟಿ ವೆಸ್ಟರ್ನ್ ಲೈನಿನ ಸ್ಲೋ ಲೋಕಲ್ ಹತ್ತಿದರೆ ಪ್ರಭಾದೇವಿ, ಲೋವರ್ ಪರೇಲ್, ಮಹಾಲಕ್ಷ್ಮಿ. ಫಾಸ್ಟ್ ಹತ್ತಬೇಡಿ, ಮಹಾಲಕ್ಷ್ಮಿಯಲ್ಲಿ ನಿಲ್ಲುವುದಿಲ್ಲ. ಆಟೋ ಆ ಕಡೆ ಇಲ್ಲವೇ ಇಲ್ಲ, ಟ್ಯಾಕ್ಸಿ ಮಾತ್ರ. ಭಾನುವಾರ ಹಗಲಾದರೆ ಹಳಿ ದುರಸ್ತಿಗೆ ಲೋಕಲ್ ತಡೆಯುವ ಮೆಗಾ ಬ್ಲಾಕ್ ಯಾವ ಲೈನಿನಲ್ಲಿ ಅಂತ ಹಿಂದಿನ ದಿನ ನೋಡಿಕೊಳ್ಳಿ. ರೂಮನ್ನು ಕುರ್ಲಾ, ಸಯಾನ್, ಮಾಟುಂಗಾ ಕಡೆ ಹಿಡಿದರೆ ಮರುದಿನ ಟರ್ಮಿನಸ್ ಹತ್ತಿರ. ಮಾಟುಂಗಾದಲ್ಲಿ ಊಟದ ಚಿಂತೆಯೂ ಇಲ್ಲ, ಸ್ಟೇಷನ್ ಪಕ್ಕದ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರಿಂದ ಬಾಳೆಲೆ ಹಾಕುತ್ತಿದೆ. ಶೋದ ದಿನ ಮಧ್ಯಾಹ್ನ ಅಲ್ಲಿ ಹೊಟ್ಟೆ ತುಂಬ ಉಂಡು ಹೊರಡಿ, ಆಮೇಲೆ ಐದಾರು ಗಂಟೆ ನಿಂತೇ ಇರಬೇಕು.

ಒಳಗೆ ಎಲ್ಲಿ ನಿಲ್ಲುವುದು? ಎಲ್ಲರೂ ಬ್ಯಾರಿಕೇಡಿಗೆ ಓಡುತ್ತಾರೆ. ಸೌಂಡ್ ಸರಿ ಕೇಳುವುದು ಮೈದಾನದ ನಡುವೆ ಡೇರೆ ಹಾಕಿ ಕೂತ ಮಿಕ್ಸಿಂಗ್ ಡೆಸ್ಕಿನ ಹತ್ತಿರ, ಯಾಕೆಂದರೆ ಇಂಜಿನಿಯರ್ ತನ್ನ ಕಿವಿಗೆ ಕೇಳಿದ್ದನ್ನೇ ಸರಿ ಮಾಡುತ್ತಿರುತ್ತಾನೆ. ಮುಂದೆಯೇ ಬೇಕು ಅಂತ ಹೋದರೆ ಶೂ ಲೇಸಿಗೆ ಎರಡು ಗಂಟು ಹಾಕಿ. ಗುಂಪು ಒತ್ತಿದರೆ ಎರಡೂ ಕೈಯನ್ನು ಎದೆಯ ಮುಂದೆ ಮಡಿಸಿ ಉಸಿರಿಗೆ ಜಾಗ ಮಾಡಿಕೊಳ್ಳಿ. ಒತ್ತಡಕ್ಕೆ ಎದುರು ತಳ್ಳಬೇಡಿ, ಅದು ಸಡಿಲವಾದ ಕ್ಷಣ ಓರೆಯಾಗಿ ಬದಿಗೆ ಸರಿಯಿರಿ. ಸ್ಟೇಜಿನ ಎದುರು ಒಬ್ಬರಿಗೊಬ್ಬರು ಗುದ್ದಿಕೊಂಡು ಕುಣಿಯುವ ಮಾಷ್ ಪಿಟ್ಟಿನಲ್ಲಿ ಯಾರಾದರೂ ಬಿದ್ದರೆ ಸುತ್ತಲಿನವರು ನಿಂತು ಎತ್ತಬೇಕು, ಅದು ಅಲ್ಲಿನ ಕಾನೂನು.

ಇಯರ್‌ಪ್ಲಗ್ ಅಂದರೆ ನಗುತ್ತಾರೆ, ನಗಲಿ. 85 ಡೆಸಿಬಲಿಗೆ ಎಂಟು ಗಂಟೆ ತಡೆಯುವ ಕಿವಿಗೆ ಪ್ರತಿ ಮೂರು ಡೆಸಿಬಲ್ ಏರಿದಾಗ ಅವಧಿ ಅರ್ಧವಾಗುತ್ತ ಹೋಗಿ, 100ಕ್ಕೆ ಬರುವಾಗ ಉಳಿಯುವುದು ಹದಿನೈದು ನಿಮಿಷ. ಮುಂದಿನ ಸಾಲುಗಳಲ್ಲಿ ಅದಕ್ಕಿಂತ ಜಾಸ್ತಿಯೇ ಇರುತ್ತದೆ. ಮೆಡಿಕಲಿನಲ್ಲಿ ಸಿಗುವ ಫೋಮಿನದ್ದು ಸಾಕು, ಆದರೆ ಕಿವಿಯ ತೂತಿನ ಬಾಯಿಗೆ ಬರೀ ತುರುಕಿದರೆ ಪ್ರಯೋಜನ ಇಲ್ಲ. ಬೆರಳಲ್ಲಿ ಹೊಸೆದು ಊದುಬತ್ತಿ ಕಡ್ಡಿಯಷ್ಟು ತೆಳ್ಳಗೆ ಮಾಡಿ, ಇನ್ನೊಂದು ಕೈಯನ್ನು ತಲೆಯ ಮೇಲಿನಿಂದ ತಂದು ಕಿವಿಯನ್ನು ಮೇಲಕ್ಕೆ ಹಿಂದಕ್ಕೆ ಎಳೆದು ಒಳಗೆ ಕಳಿಸಿ, ಅದು ಉಬ್ಬುವವರೆಗೆ ಅರ್ಧ ನಿಮಿಷ ಬೆರಳು ಒತ್ತಿ ಹಿಡಿಯಿರಿ.

ಕೊನೆಗೆ ಬ್ಯಾಂಡಿನವರು ಕೈ ಮುಗಿದು ಒಳಗೆ ಹೋಗುತ್ತಾರೆ, ಲೈಟ್ ಆರುತ್ತದೆ, ಅಕ್ಕಪಕ್ಕದವರು ಕೆಲವರು ಬ್ಯಾಗು ಹೆಗಲಿಗೇರಿಸುತ್ತಾರೆ. ನೀವು ಕದಲಬೇಡಿ. ಆಂಪ್ಲಿಫೈಯರಿನ ಸಣ್ಣ ಕೆಂಪು ದೀಪಗಳು ಉರಿಯುತ್ತಿದ್ದರೆ, ಕತ್ತಲಲ್ಲಿ ಯಾರಾದರೂ ಗಿಟಾರ್ ಶ್ರುತಿ ಮಾಡುತ್ತಿದ್ದರೆ ಇನ್ನೂ ಉಂಟು. ಮೈದಾನದ ಬಿಳಿ ಲೈಟೆಲ್ಲ ಹೊತ್ತಿ, ಸ್ಪೀಕರಿನಲ್ಲಿ ಬೇರೆ ಯಾರದೋ ರೆಕಾರ್ಡ್ ಹಾಡು ಬಂದ ಮೇಲೆ ಮುಗಿಯಿತು ಅಂತ ತಿಳಿಯಿರಿ. ಆಗಲೂ ಅರ್ಧ ಗಂಟೆ ಅಲ್ಲೇ ಬದಿಯಲ್ಲಿ ಕೂತು, ನೀರು ಕುಡಿದು, ಗೇಟ್ ಖಾಲಿಯಾದ ಮೇಲೆ ಎದ್ದು ಮಹಾಲಕ್ಷ್ಮಿ ಸ್ಟೇಷನ್ನಿಗೆ ನಡೆಯಿರಿ. ಲೋಕಲ್ ಮಧ್ಯರಾತ್ರಿಯವರೆಗೂ ಇರುತ್ತದೆ.