ಮಳೆ ಬಂದ್ರೆ ಸ್ಟಾರ್ಟ್ ಆಗದ ಹಳೇ ಕಾರು

ಪ್ರಶ್ನೆ: ನಮ್ದು 1996ರ ಪೆಟ್ರೋಲ್ ಕಾರು, ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡೋ ಕಾರ್ಬೊರೇಟರ್ ಇರೋದು, ರೋಡಲ್ಲೇ ನಿಲ್ಸ್ತೀವಿ. ರಾತ್ರಿ ಮಳೆ ಬಂದ್ರೆ ಬೆಳಗ್ಗೆ ಸೆಲ್ಫ್ ಚೆನ್ನಾಗೇ ತಿರುಗತ್ತೆ, ಇಂಜಿನ್ ಮಾತ್ರ ಸ್ಟಾರ್ಟ್ ಆಗಲ್ಲ, ಬಿಸಿಲು ಬಂದ್ಮೇಲೆ ಸರಿಹೋಗತ್ತೆ. ಮೆಕ್ಯಾನಿಕ್ಕು ಕಾರ್ಬೊರೇಟರ್ ಬದಲಾಯ್ಸಿ ಅಂತಾರೆ, ಏನ್ಮಾಡ್ಲಿ?
(ಓದುಗರು, ಬಸವನಗುಡಿ)

ಉತ್ತರ: ಕಾರ್ಬೊರೇಟರಿಗೆ ಈಗ್ಲೇ ದುಡ್ಡು ಹಾಕ್ಬೇಡಿ ಸಾರ್. ಸೆಲ್ಫ್ ಜೋರಾಗಿ ತಿರುಗ್ತಿದೆ ಅಂದ್ರೆ ಬ್ಯಾಟರಿ ತೊಂದ್ರೆ ಅಲ್ಲ, ಒಣಗಿದ್ಮೇಲೆ ಸರಿಹೋಗತ್ತೆ ಅಂದ್ರೆ ಮೊದ್ಲು ಇಗ್ನಿಷನ್, ಅಂದ್ರೆ ಪೆಟ್ರೋಲಿಗೆ ಕಿಡಿ ಕೊಡೋ ವ್ಯವಸ್ಥೆ ಕಡೆ ನೋಡ್ಬೇಕು. ಕಿಡಿ ಹಾರಿಸೋ ಸ್ಪಾರ್ಕ್ ಪ್ಲಗ್ಗಿಗೆ ಹೋಗೋದು ಸಾವಿರಾರು ವೋಲ್ಟು, ಅದನ್ನ ಒಂದೊಂದೇ ಪ್ಲಗ್ಗಿಗೆ ಹಂಚೋ ಡಿಸ್ಟ್ರಿಬ್ಯೂಟರ್ ಮೇಲಿನ ಕ್ಯಾಪಲ್ಲಿ ಕೂದಲೆಳೆಯಷ್ಟು ಬಿರುಕಿದ್ರೂ, ಪ್ಲಗ್ ವೈರಿನ ರಬ್ಬರ್ ಒಡ್ದಿದ್ರೂ ತೇವ ಕೂತಾಗ ಆ ಕರೆಂಟು ಪ್ಲಗ್ ಬಿಟ್ಟು ಇಂಜಿನ್ ಬಾಡಿಗೆ ಹಾರಿಬಿಡತ್ತೆ, ಇನ್ನು ಪೆಟ್ರೋಲ್ ಹತ್ಕೊಳ್ಳೋದು ಹೇಗೆ? ಮಳೆ ಬಂದ ರಾತ್ರಿ ಗಾಡಿ ನ್ಯೂಟ್ರಲಲ್ಲಿಟ್ಟು ಹ್ಯಾಂಡ್ ಬ್ರೇಕ್ ಹಾಕಿ ಮನೇಲಿ ಯಾರಿಗಾದ್ರೂ ಸೆಲ್ಫ್ ಹೊಡೀಲಿಕ್ಕೆ ಹೇಳಿ, ನೀವು ಬಾನೆಟ್ ಎತ್ತಿ ದೂರದಿಂದ ನೋಡಿ, ಲೀಕ್ ಇದ್ರೆ ವೈರ್ ಮೇಲೆ ನೀಲಿ ಕಿಡಿ ಕಾಣ್ಬಹುದು. ದಯವಿಟ್ಟು ಆಗ ಕೈ ಹಾಕ್ಬೇಡಿ.

ಅರ್ಜೆಂಟಿದ್ರೆ ಕೀ ತೆಗ್ದು, ಕ್ಯಾಪ್ ಬಿಚ್ಚಿ ಒಳಗೂ ಹೊರಗೂ ಒಣಬಟ್ಟೇಲಿ ಒರೆಸಿ, ವೈರ್‌ಗಳನ್ನೂ ಒರೆಸಿ. ಆಮೇಲೆ ಕ್ಯಾಪು, ಅದರೊಳಗೆ ತಿರುಗೋ ರೋಟರ್, ವೈರ್ ಸೆಟ್ಟು, ಪ್ಲಗ್ಗು ಒಟ್ಟಿಗೇ ಹೊಸದು ಹಾಕ್ಸಿಬಿಡಿ, ಬೆಂಗಳೂರಿನ ಜೆ.ಸಿ. ರೋಡಿನ ಸ್ಪೇರ್ ಪಾರ್ಟ್ಸ್ ಅಂಗಡಿಗಳಲ್ಲಿ ವಿಚಾರಿಸಿ. ಸ್ಟಾರ್ಟ್ ಆಗ್ಲಿಲ್ಲ ಅಂತ ಆಕ್ಸಿಲರೇಟರ್ ತುಳೀತಾನೇ ಇರ್ಬೇಡಿ, ಪ್ಲಗ್ಗು ಪೆಟ್ರೋಲಲ್ಲಿ ನೆಂದು ಇನ್ನೂ ಕಷ್ಟ ಆಗತ್ತೆ.