ಇಲಿಯ ಶಕ್ತಿ ಹೆಚ್ಚಿತು ಅನ್ನೋ ಸುದ್ದಿ ಓದುವಾಗ

ಅಕ್ಕನ ಮಗನಿಗೆ ಡುಷೆನ್ ಮಸ್ಕ್ಯುಲರ್ ಡಿಸ್ಟ್ರೊಫಿ (ಸ್ನಾಯುಗಳು ದಿನೇ ದಿನೇ ಕ್ಷೀಣಿಸುವ ಕಾಯಿಲೆ) ಇದೆ, ಹೊಸ ಔಷಧಿ ಕೊಟ್ಟ ಇಲಿಗಳಿಗೆ ಶಕ್ತಿ ಬಂತಂತೆ, ನಂಬಬಹುದಾ ಅಂತ ಕೇಳಿದ್ದೀರಿ. ಇಂಥ ಇಲಿಗಳ ಜೊತೆ ನಾನು ಕೆಲವು ವರ್ಷ ಲ್ಯಾಬಿನಲ್ಲಿ ಕೆಲಸ ಮಾಡಿದ್ದೇನೆ. ಶಕ್ತಿ ಬೇರೆ, ಸುಸ್ತು ಬೇರೆ. ಸಂಶೋಧಕರು ಯಾವುದನ್ನು ಅಳೆದರು ಅಂತ ಮೊದಲು ನೋಡಿ.

ಜಾಸ್ತಿ ಬಳಸುವುದು ಎಂಡಿಎಕ್ಸ್ ಅನ್ನೋ ಇಲಿ. 1984ರಿಂದ ಗೊತ್ತಿರುವ ತಳಿ. ಡುಷೆನ್ ಇರುವ ಮಕ್ಕಳ ಹಾಗೆ ಇದಕ್ಕೂ ಸ್ನಾಯುಕೋಶ ಹರಿಯದಂತೆ ಕಾಯುವ ಡಿಸ್ಟ್ರೊಫಿನ್ ಪ್ರೋಟೀನ್ ಇರುವುದಿಲ್ಲ. ಆದರೂ ಗೂಡಿನಲ್ಲಿ ಆರಾಮಾಗಿ ಓಡಾಡಿಕೊಂಡಿರುತ್ತದೆ. ಮೂರು ವಾರದ ಹೊತ್ತಿಗೆ ಸ್ನಾಯು ಜೋರಾಗಿ ಹಾಳಾಗುತ್ತದೆ, ಆಮೇಲೆ ಮತ್ತೆ ಬೆಳೆಯುತ್ತದೆ, ಕಾಲು ದಪ್ಪವೂ ಆಗುತ್ತದೆ. ಒಟ್ಟು ಬಲ ಮಾಮೂಲಿ ಇಲಿಯಷ್ಟೇ ಕಾಣಬಹುದು. ಗಾತ್ರದ ಲೆಕ್ಕದಲ್ಲಿ ನೋಡಿದಾಗ ಮಾತ್ರ ಕೊರತೆ ಗೊತ್ತಾಗುತ್ತದೆ.

ಹಿಡಿತ ಅಳೆಯುವುದು ಹೀಗೆ. ಬಾಲ ಹಿಡಿದು ಇಲಿಯನ್ನು ಇಳಿಸಿದರೆ ಮುಂಗಾಲಲ್ಲಿ ಮೀಟರಿಗೆ ಜೋಡಿಸಿದ ಜಾಲರಿಯನ್ನು ಗಟ್ಟಿಯಾಗಿ ಹಿಡಿಯುತ್ತದೆ. ಮೆಲ್ಲಗೆ ಹಿಂದಕ್ಕೆ ಎಳೀಬೇಕು. ಕೈಬಿಡುವ ಮುಂಚಿನ ಅತಿ ಹೆಚ್ಚಿನ ಬಲ ಮೀಟರಿನಲ್ಲಿ ಉಳಿಯುತ್ತದೆ. ಎಳೆಯುವ ಕೈ ಬದಲಾದರೆ ಅಂಕಿಯೂ ಬದಲಾಗುತ್ತದೆ. ಅದಕ್ಕೇ ಯಾವ ಇಲಿಗೆ ಔಷಧಿ ಕೊಟ್ಟಿದೆ ಅಂತ ಎಳೆಯುವವರಿಗೆ ಗೊತ್ತಿರಬಾರದು. ಒಂದರ ಹಿಂದೆ ಒಂದು ಹಲವು ಸಲ ಎಳೆದು, ಕೊನೆಯ ಎಳೆತದಲ್ಲಿ ಎಷ್ಟು ಉಳಿದಿದೆ ಅಂತ ನೋಡಿದರೆ ಸುಸ್ತಿನ ಅಂದಾಜು ಸಿಗುತ್ತದೆ.

ನನಗೆ ಜಾಸ್ತಿ ನಂಬಿಕೆ ಇರುವುದು ಇನ್ನೊಂದು ಪರೀಕ್ಷೆಯಲ್ಲಿ. ಕಾಲಿನ ಚಿಕ್ಕ ಸ್ನಾಯುವೊಂದನ್ನು ಬಿಡಿಸಿ, ಆಮ್ಲಜನಕ ಹಾಯಿಸುವ ಉಪ್ಪುದ್ರಾವಣದಲ್ಲಿಟ್ಟು, ಕರೆಂಟ್ ಕೊಟ್ಟು ಬಿಗಿಸುತ್ತೇವೆ. ಬಿಗಿದಿರುವಾಗಲೇ ಹಿಗ್ಗಿಸುತ್ತೇವೆ. ಮಾಮೂಲಿ ಸ್ನಾಯು ತಡೆದುಕೊಳ್ಳುತ್ತದೆ. ಎಂಡಿಎಕ್ಸ್ ಸ್ನಾಯುವಿನ ಬಲ ಕೆಲವೇ ಸಲಕ್ಕೆ ಕುಸಿಯುತ್ತದೆ. ಪರದೆಯ ಮೇಲೆ ಬಲ ತೋರಿಸುವ ಗೆರೆ ಪ್ರತಿ ಸಲ ಗಿಡ್ಡ ಆಗುವುದು ನೋಡಿದರೆ ಸಂಕಟ ಆಗುತ್ತದೆ. ಮೆಟ್ಟಿಲು ಇಳಿಯುವಾಗ ನಮ್ಮ ತೊಡೆಗೆ ಬೀಳುವ ಕೆಲಸವೂ ಇದೇ ಥರದ್ದು.

ಸುಸ್ತಿಗೆ ಇನ್ನೊಂದು ಕಾರಣವೂ ಇದೆ. ಡಿಸ್ಟ್ರೊಫಿನ್ ಇಲ್ಲದಿದ್ದರೆ, ರಕ್ತನಾಳ ಹಿಗ್ಗಿಸುವ ನೈಟ್ರಿಕ್ ಆಕ್ಸೈಡ್ ತಯಾರಿಸುವ ಕಿಣ್ವ ತನ್ನ ಜಾಗದಲ್ಲಿ ನಿಲ್ಲುವುದಿಲ್ಲ. ದುಡಿಯುವ ಸ್ನಾಯುವಿಗೆ ಬೇಕಾದಷ್ಟು ರಕ್ತ ಹರಿಯುವುದಿಲ್ಲ. ಸ್ವಲ್ಪ ಓಡಿಸಿದರೂ ಈ ಇಲಿಗಳು ಮೂಲೆಯಲ್ಲಿ ಕೂತುಬಿಡುತ್ತವೆ. ಬೆಳಗ್ಗೆ ನಡೆದ ಹುಡುಗ ಸಂಜೆ ಕೂತುಬಿಟ್ಟರೆ ದಯವಿಟ್ಟು ಸೋಮಾರಿತನ ಅನ್ನಬೇಡಿ.

ಇಲಿಯ ಕಾಲಿಗಿಂತ ಅದರ ವಪೆ, ಅಂದರೆ ಉಸಿರಾಡಿಸುವ ಸ್ನಾಯು, ಮಕ್ಕಳ ಸ್ಥಿತಿಗೆ ಹತ್ತಿರ. ಗೋಲ್ಡನ್ ರಿಟ್ರೀವರ್ ನಾಯಿಗಳಲ್ಲೂ ಈ ಕಾಯಿಲೆ ಇದೆ, ಇಲಿಗಿಂತ ತೀವ್ರವಾಗಿ. ನೀವು ಓದಿದ ಸುದ್ದಿಯಲ್ಲಿ ಬರೀ ಹಿಡಿತದ ಅಂಕಿ ಇದ್ದರೆ ಇನ್ನೂ ಕಾಯಬೇಕು. ಔಷಧಿ ಹುಡುಗರ ತನಕ ಬಂದಿದ್ದರೆ, ಆರು ನಿಮಿಷದಲ್ಲಿ ಎಷ್ಟು ಮೀಟರ್ ನಡೆದರು ಅನ್ನೋ ಲೆಕ್ಕ ಇದೆಯಾ ಹುಡುಕಿ. ಅಷ್ಟರಲ್ಲಿ ವ್ಯಾಯಾಮ ಅಂತ ಅವನನ್ನು ಮೆಟ್ಟಿಲು ಹತ್ತಿಸಿ ಇಳಿಸುತ್ತಿದ್ದರೆ ನಿಲ್ಲಿಸಿ, ಫಿಸಿಯೋಥೆರಪಿಸ್ಟ್ ಹತ್ತಿರ ಈಜಿನ ಬಗ್ಗೆ ಕೇಳಿ.